ಮುಚ್ಚಿದ ಡಬ್ಬಿಯ ಕಾವಲುಗಾರ

ನನ್ನ ತಮ್ಮ ಗೊಂಬೆ ಮಾಡುತ್ತಿದ್ದ. ಮಕ್ಕಳು ಮಲಗಿಸಿ ಜೋಗುಳ ಹಾಡುವ ಗೊಂಬೆಯಲ್ಲ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು, ಕುದುರೆ ಸವಾರರು, ಆನೆ, ಫಿರಂಗಿ. ದೊಡ್ಡವರೇ ಮೇಜಿನ ಮೇಲೆ ನಕ್ಷೆ ಹರಡಿ, ದಾಳ ಉರುಳಿಸಿ, ಒಬ್ಬರ ಕೋಟೆಗೆ ಇನ್ನೊಬ್ಬರು ಮುತ್ತಿಗೆ ಹಾಕುವ ಆಟ ಒಂದಿದೆ. ಅದಕ್ಕೆ ಬೇಕಾದ ಗೊಂಬೆಗಳು ಅವು. ಆಡುವವರು ಅದನ್ನು ‘ಮಿನಿ’ ಅನ್ನುತ್ತಿದ್ದರು. ಮನೆಯಲ್ಲಿ ನಾವು ಗೊಂಬೆ ಅಂತಲೇ ಅನ್ನುತ್ತಿದ್ದೆವು.

ಎಲೆಕ್ಟ್ರಾನಿಕ್ ಸಿಟಿ ದಾಟಿ ಜಿಗಣಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಪ್ಪನ ರಾಗಿ ಹೊಲ ಫ್ಯಾಕ್ಟರಿಗಳಿಗೆ ಹೋದಾಗ ಬಂದ ಪರಿಹಾರದಲ್ಲಿ ಎದ್ದ ಕಟ್ಟಡ. ಕೆಳಗೆ ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಕೋಣೆ, ಅದರ ಹಿಂದೆ ನಾವು, ಮೇಲಿನ ಮಹಡಿಗಳಲ್ಲಿ ಬಾಡಿಗೆಗಿದ್ದ ಕಂಪನಿ ಹುಡುಗರು. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಮರಳಿದ್ದೆ. ಅಪ್ಪ, ತಮ್ಮ, ನಾನು, ಮೂರೇ ಜನ.

ಹೊಲ ಹೋದ ಮೇಲೆ ಅಪ್ಪ ಒಂದು ಕಂಪನಿಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿಕೊಂಡ. ಉದ್ದ ಕೋಲಿನ ತುದಿಯಲ್ಲಿ ದುಂಡನೆಯ ಕನ್ನಡಿ ಇರುತ್ತದಲ್ಲ, ಅದನ್ನು ಒಳಗೆ ಹೋಗುವ ಕಾರುಗಳ ಅಡಿಗೆ ತೂರಿಸಿ, ಬಗ್ಗಿ ನೋಡಿ, “ಓಗಿ ಸಾರ್” ಅನ್ನುವುದು ಅವನ ಕೆಲಸ. ಕಾರಿನ ಅಡಿಯಲ್ಲಿ ಏನು ಹುಡುಕುತ್ತಿದ್ದಾನೆಂದು ಅವನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಅವನ ಬೆನ್ನು ಹಾಗೆಯೇ ನಿಂತುಬಿಟ್ಟಿತು. ಚಳಿಯಿರಲಿ ಬಿಡಲಿ, ತಲೆಗೆ ಕಂದು ಮಫ್ಲರ್ ಸುತ್ತಿರುತ್ತಿದ್ದ.

ತಮ್ಮ ಜಿಗಣಿಯ ಒಂದು ಟೂಲ್ ರೂಮಿನಲ್ಲಿದ್ದ. ಬಾಟಲಿ ಮುಚ್ಚಳ, ಸ್ವಿಚ್ಚಿನ ಕವರು, ಇಂಥ ಪ್ಲಾಸ್ಟಿಕ್ ಸಾಮಾನಿಗೆ ಬೇಕಾಗುವ ಉಕ್ಕಿನ ಅಚ್ಚು ತಯಾರಿಸುವ ಜಾಗ ಅದು. ಒಂದು ಭಾನುವಾರ ಮೇಲಿನ ಮನೆಯ ನಲ್ಲಿ ಸರಿಮಾಡಲು ಹೋದವನು ಸಂಜೆಯವರೆಗೂ ಇಳಿದು ಬರಲಿಲ್ಲ. ಅಲ್ಲಿ ಹುಡುಗರು ವಿದೇಶದಿಂದ ತರಿಸಿದ ಗೊಂಬೆಗಳನ್ನಿಟ್ಟು ಯುದ್ಧ ಆಡುತ್ತಿದ್ದರಂತೆ. ಯಾರದೋ ಸೈನಿಕನ ಕತ್ತಿ ಮುರಿದಿತ್ತು. ಇವನು ತಂತಿ ಉಜ್ಜಿ ಹೊಸ ಕತ್ತಿ ಕೂಡಿಸಿಕೊಟ್ಟ. “ಗುರು, ಒರಿಜಿನಲ್‌ಗಿಂತ ಸಕ್ಕತ್ತಾಗಿದೆ” ಅಂದರಂತೆ. ಅದನ್ನು ಊಟಕ್ಕೆ ಕೂತಾಗ ಮೂರು ಸಲ ಹೇಳಿದ.

ಆಮೇಲೆ ಅವನು ತನ್ನದೇ ಸೈನ್ಯ ಮಾಡಲು ಶುರು ಮಾಡಿದ. ಮೊದಲು ಮೇಣದಲ್ಲಿ ಕೆತ್ತಿ, ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದು ಒಂದೊಂದಾಗಿ ತೆಗೆಯುತ್ತಿದ್ದ. ಕಪ್ಪು ಕುದುರೆಯ ಮೇಲೊಬ್ಬ ರಾಣಿ. ಅಂಬಾರಿ ಹೊತ್ತ ಆನೆ. ನಗಾರಿ ಬಾರಿಸುವವನು. ಮುಖಗಳೆಲ್ಲ ನಮ್ಮೂರಿನವೇ. ನಗಾರಿಯವನಿಗೆ ಹಿಟ್ಟಿನ ಗಿರಣಿಯವನ ಮೀಸೆ, ಬಿಲ್ಲು ಹಿಡಿದವಳಿಗೆ ಬಸ್ ಸ್ಟಾಪಿನಲ್ಲಿ ಹೂ ಮಾರುವಾಕೆಯ ಗದ್ದ. ನಾನು ಸಣ್ಣ ಕುಂಚದಲ್ಲಿ ಬಣ್ಣ ಹಚ್ಚುತ್ತಿದ್ದೆ. ಕಣ್ಣು ಮಾತ್ರ ಅವನೇ ಬರೆಯಬೇಕು. ಉಸಿರು ಬಿಗಿಹಿಡಿದು, ಸೂಜಿಯ ತುದಿಯಲ್ಲಿ ಚುಕ್ಕಿ ಇಡುತ್ತಿದ್ದ.

ಒಂದು ದಿನ ಹೊಸದೊಂದನ್ನು ನನ್ನ ಅಂಗೈಯಲ್ಲಿ ಇಟ್ಟ. ಕೋಟೆಯ ಬಾಗಿಲು ಕಾಯುವವನು. ಒಂದು ಕೈಯಲ್ಲಿ ಲಾಂದ್ರ, ಇನ್ನೊಂದರಲ್ಲಿ ತುದಿ ದುಂಡಗಿದ್ದ ಉದ್ದ ಕೋಲು, ತಲೆಗೆ ಸುತ್ತಿದ ಬಟ್ಟೆ, ಬಾಗಿದ ಬೆನ್ನು.

“ಇದು ಅಪ್ಪ ಅಲ್ವೇನೋ?” ಅಂದೆ.

“ಮೆಲ್ಲಗೆ ಮಾತಾಡು ಅಕ್ಕ. ಅಪ್ಪಂಗೆ ಹೇಳ್ಬೇಡ.”

“ಯಾಕೋ?”

“ನಾಚ್ಕೊಂಡುಬಿಡ್ತಾನೆ.”

ತನ್ನ ಸೈನ್ಯಕ್ಕೆಂದೇ ಅವನು ಕಟ್ಟಿದ ಆಟದಲ್ಲಿ ಒಂದು ನಿಯಮವಿತ್ತು. ಕೋಟೆಯ ಪ್ರತಿ ಬಾಗಿಲಿಗೂ ಒಬ್ಬ ಕಾವಲುಗಾರ ನಿಂತಿರಲೇಬೇಕು. ಅವನು ಬಿದ್ದರೆ ಬಾಗಿಲು ಬೀಳುತ್ತದೆ. ಬಾಗಿಲು ಬಿದ್ದರೆ ರಾಣಿಗೂ ಉಳಿಗಾಲವಿಲ್ಲ. ಆ ನಿಯಮವನ್ನು ಯಾಕೆ ಮಾಡಿದನೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ತಮ್ಮ ಟೂಲ್ ರೂಮಿನ ಕೆಲಸ ಬಿಟ್ಟ ಮೇಲೆ ನಮ್ಮ ಅಂಗಡಿ ಕೋಣೆಯಲ್ಲೇ ಗೊಂಬೆ ಮಾರಲು ಶುರು ಮಾಡಿದೆವು. ಅಪ್ಪನನ್ನೂ ಅಷ್ಟರಲ್ಲಿ ಗೇಟಿನ ಕೆಲಸದಿಂದ ಬಿಡಿಸಿದ್ದರು. ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಯಾರಾದರೂ ಬೈಕು ನಿಲ್ಲಿಸಿದರೆ ಅಭ್ಯಾಸ ಬಲದಿಂದ ಎದ್ದು ನಿಲ್ಲುತ್ತಿದ್ದ.

ಆಗ ನಮ್ಮ ಗೊಂಬೆಗಳೆಲ್ಲ ಕಾಣುವ ಪೊಟ್ಟಣದಲ್ಲಿದ್ದವು. ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕು, ಹಿಂದೆ ರಟ್ಟು. ಬೇಕಾದ್ದನ್ನು ನೋಡಿ, ಆರಿಸಿ, ಕೊಂಡುಹೋಗಬಹುದು. ಜನ ಬಂದರು. ವೈಟ್‌ಫೀಲ್ಡಿನಿಂದಲೂ ಬಂದರು. ರಾಣಿಯನ್ನು ಕೊಂಡರು, ಆನೆಯನ್ನು ಕೊಂಡರು. ಕಾವಲುಗಾರನನ್ನು ಯಾರೂ ಮುಟ್ಟಲಿಲ್ಲ. ಹೊಸ ರಾಣಿಯರು ಬಂದ ದಿನವೇ ಖಾಲಿ, ಕಾವಲುಗಾರರು ಕಪಾಟಿನ ಮೂರು ಸಾಲು ತುಂಬಿ ಹಾಗೇ ನಿಂತಿರುತ್ತಿದ್ದರು. ನಾನು ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ.

ಹಾಗಾದರೆ ಇವರು ಕೋಟೆಯ ಬಾಗಿಲಿಗೆ ಯಾರನ್ನು ನಿಲ್ಲಿಸುತ್ತಾರೆ? ಒಂದು ಭಾನುವಾರ ತಮ್ಮ ಮೇಲಿನ ಮನೆಗೆ ಹೋಗಿ ನೋಡಿಬಂದ. ಆಮೇಲೆ ಹೇಳಿದ. ಬಾಗಿಲುಗಳಲ್ಲಿ ಸೋಡಾ ಬಾಟಲಿಯ ಮುಚ್ಚಳ ಇಟ್ಟುಕೊಂಡು ಆಡುತ್ತಿದ್ದರಂತೆ.

“ಯಾಕ್ರೋ ಅಂದ್ರೆ, ‘ಅವ್ನು ಸುಮ್ನೆ ನಿಂತಿರ್ತಾನೆ ಅಷ್ಟೇ ಅಲ್ವಾ ಗುರು, ಮುಚ್ಚಳ ಸಾಕು’ ಅಂದ್ರು ಅಕ್ಕ.”

ನಮ್ಮ ಕಪಾಟಿನ ಕಷ್ಟವನ್ನು ಸರಿಯಾಗಿ ಅರ್ಥಮಾಡಿಕೊಂಡವರು ಒಬ್ಬ ವಿತರಕರು. ದಾವಣಗೆರೆ ಕಡೆಯವರು, ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದರು. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಮಾಲ್‌ಗಳಿಗೆ, ದೊಡ್ಡ ಅಂಗಡಿಗಳಿಗೆ ಆಟದ ಸಾಮಾನು ಒದಗಿಸುವುದು ಅವರ ವ್ಯವಹಾರ. ಕೆಟ್ಟ ಮನುಷ್ಯರೇನಲ್ಲ. ರಾಣಿಯನ್ನು ಕೈಗೆತ್ತಿಕೊಂಡು ಕುದುರೆಯ ಕೇಸರವನ್ನು ಬೆರಳಿನಿಂದ ಸವರಿದ ರೀತಿಯಲ್ಲೇ ಅವರಿಗೆ ಕೆಲಸದ ಬೆಲೆ ಗೊತ್ತೆಂದು ನನಗನಿಸಿತು.

“ಕೆಲ್ಸ ಛಲೋ ಐತಿ ತಮ್ಮಾ” ಅಂದರು. “ಆದ್ರೆ ಮಾರಾಟದ ರೀತಿ ಸರಿ ಇಲ್ಲ. ಕಣ್ಣಿಗೆ ಕಾಣೋ ಹಂಗೆ ಇಟ್ರೆ ಎಲ್ರಿಗೂ ರಾಣೀನೇ ಬೇಕು. ಮುಚ್ಚಿಬಿಡ್ರಿ. ಒಂದು ಡಬ್ಬಿ, ಅದ್ರಾಗೆ ನಾಲ್ಕು ಗೊಂಬಿ. ಯಾವ ನಾಲ್ಕು ಅಂತ ಗೊತ್ತಾಗಬಾರ್ದು. ರಾಣಿ ಸಿಗೋ ತನಕ ತಗೊಂತಾನೇ ಇರ್ತಾರೆ. ನಿಮ್ಮ ಕಾವಲುಗಾರ್ರೂ ಖಾಲಿ ಆಗ್ತಾರೆ.”

“ಅದು ಜೂಜಲ್ವಾ ಸಾರ್?” ತಮ್ಮ ಕೇಳಿದ.

“ಸಣ್ಣೋರಿದ್ದಾಗ ಪೆಟ್ಟಿಗಿ ಅಂಗಡ್ಯಾಗ ಚೀಟಿ ಹರೀತಿದ್ದಿಲ್ಲೇನ್ರಿ ನೀವು? ಒಂದ್ಸಲ ಉಂಗುರ ಬರ್ತಿತ್ತು, ಒಂದ್ಸಲ ಪೀಪಿ, ಒಂದ್ಸಲ ಏನೂ ಇಲ್ಲ. ಅದಕ್ಕೇನು ಯಾರಾದ್ರೂ ಅತ್ರಾ?”

“ನಾನ್ ಅತ್ತಿದ್ದೆ ಸಾರ್” ಅಂದ ತಮ್ಮ.

ಅವರು ನಕ್ಕರು. ತಮ್ಮ ನಗಲಿಲ್ಲ. ಆದರೂ ಒಪ್ಪಿಕೊಂಡ. ಬೇರೆ ದಾರಿ ಇರಲಿಲ್ಲ. ಕಾಣುವ ಹಾಗೆ ಮಾರಿ ನೋಡಿ ಆಗಿತ್ತು. ಅವನ ಮನಸ್ಸಿನಲ್ಲಿ ಇನ್ನೊಂದೂ ಇತ್ತು. ಅದನ್ನು ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ. ಕೊನೇಪಕ್ಷ ಹಾಗಾದರೂ ಕಾವಲುಗಾರ ಜನರ ಮನೆ ಸೇರುತ್ತಾನೆ. ಕೈಯಲ್ಲಿ ಹಿಡಿದು ನೋಡಿದರೆ ಇಷ್ಟವಾಗಬಹುದು.

ಉಕ್ಕಿನ ಅಚ್ಚು ತಯಾರಾಯಿತು. ಗೊಂಬೆಗಳು ಜಿಗಣಿಯ ಮೆಷಿನ್ನಿನಲ್ಲಿ ಸಾಲುಸಾಲಾಗಿ ಬೀಳತೊಡಗಿದವು. ಕಾವಲುಗಾರ ಹೇರಳ, ರಾಣಿ ಅಪರೂಪ. ವಿತರಕರ ಲೆಕ್ಕಾಚಾರವೇ ಹಾಗಿತ್ತು. ಬಣ್ಣಕ್ಕೆ ಪಕ್ಕದ ಬೀದಿಯ ಹೆಂಗಸರನ್ನು ಕರೆದುಕೊಂಡೆ. ಅಷ್ಟಾದರೂ ಕೈ ಸಾಲಲಿಲ್ಲ. “ಕಾವಲುಗಾರನಿಗೆ ಕಣ್ಣು ಬ್ಯಾಡ ಬಿಡ್ರಿ, ಮುಖಕ್ಕೊಂದು ಬಣ್ಣ ಹೊಡೆದ್ರೆ ಸಾಕು” ಅಂತ ವಿತರಕರಿಂದ ಫೋನು ಬಂತು. ತಮ್ಮ ಸೂಜಿಯನ್ನು ಪಕ್ಕಕ್ಕಿಟ್ಟ.

ಮುಚ್ಚಿದ ಡಬ್ಬಿಗಳು ಅಂಗಡಿಗೆ ಬಂದ ಮೊದಲ ಶನಿವಾರವೇ ಕಾಲಿಡಲು ಜಾಗವಿರಲಿಲ್ಲ. ಕೊಂಡವರು ಮನೆಗೆ ಹೋಗುವಷ್ಟೂ ತಡೆಯುತ್ತಿರಲಿಲ್ಲ, ಗಲ್ಲಾದ ಮುಂದೆಯೇ ಹರಿಯುತ್ತಿದ್ದರು. ಹರಿದು, ನೋಡಿ, ಇನ್ನೊಂದು ಕೊಡಿ ಅನ್ನುತ್ತಿದ್ದರು. ಅವರ ಮುಖಗಳನ್ನು ನಾನು ಹತ್ತಿರದಿಂದ ನೋಡುತ್ತಿದ್ದೆ. ಡಬ್ಬಿಯ ಮುಚ್ಚಳ ಏಳುವಾಗ ಇದ್ದ ಬೆಳಕು ಮರುಕ್ಷಣ ಇರುತ್ತಿರಲಿಲ್ಲ.

“ಥೂ, ಮತ್ತೆ ಮುದುಕ!”

“ನಂಗೂ ಮುದುಕಾನೇ ಮಚ್ಚಾ. ನಾಲ್ಕಕ್ಕೆ ಮೂರು ಮುದುಕ್ರು!”

ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ. ಒಂದೆರಡು ವಾರದಲ್ಲಿ ಕಾವಲುಗಾರ ಅನ್ನುವ ಮಾತೇ ಹೋಗಿ ಮುದುಕ ಉಳಿಯಿತು. ಬೇಡದ ಗೊಂಬೆಗಳನ್ನು ಗಲ್ಲಾದ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಮೆಟ್ಟಿಲ ಮೇಲೆ, ಬೈಕು ನಿಲ್ಲಿಸುವಲ್ಲಿ, ಕಸದ ಬುಟ್ಟಿಯಲ್ಲಿ, ಹರಿದ ರಟ್ಟಿನ ಜೊತೆಗೆ ಬಿದ್ದಿರುತ್ತಿದ್ದವು. ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿ ಉರುಳುತ್ತಿದ್ದವು. ತಮ್ಮ ಏಳುವ ಮುಂಚೆ ಗುಡಿಸಿಬಿಡಬೇಕೆಂದು ನಾನು ಬೇಗ ಏಳತೊಡಗಿದೆ. ಆದರೆ ಅವನೂ ಅಂಗಡಿಯಲ್ಲೇ ಇರುತ್ತಿದ್ದನಲ್ಲ, ಎಷ್ಟು ಮುಚ್ಚಿಡಲಾಗುತ್ತದೆ?

ಅಪ್ಪ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ. ಮುದುಕ ಮುದುಕ ಅನ್ನುವುದು ತನಗೇ ಅಂದುಕೊಂಡು ಮೊದಮೊದಲು ತಿರುಗಿ ನೋಡುತ್ತಿದ್ದ. ಅಲ್ಲವೆಂದು ಗೊತ್ತಾದ ಮೇಲೆ ತಾನೂ ನಕ್ಕ. ಅವನ ಕಣ್ಣು ಮಂಜಾಗಿತ್ತು. ಅಷ್ಟು ಸಣ್ಣ ಗೊಂಬೆಯ ಮುಖವನ್ನು ಅವನು ಎಂದೂ ಸರಿಯಾಗಿ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿ ಕೊಂಡ ಹೆಣ್ಣುಮಗಳೊಬ್ಬಳು ತನಗೆ ಬೇಡದ್ದನ್ನು ಬುಟ್ಟಿಗೆ ಹಾಕಲು ಮನಸ್ಸಾಗದೆ ಅಪ್ಪನ ಕೈಗೆ ಕೊಟ್ಟು, “ತಾತ, ನೀವಿಟ್ಕೊಳಿ. ನಿಮ್ ಥರಾನೇ ಇದೆ” ಅಂದು ಹೋದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅಪ್ಪ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಕೋಲಿನ ತುದಿಯನ್ನು ಉಗುರಿನಿಂದ ಮುಟ್ಟಿದ. ತಲೆಯ ಬಟ್ಟೆಯನ್ನು ಮುಟ್ಟಿದ.

“ಇದು ನಾನಲ್ಲೇನವ್ವಾ?” ಅಂದ.

ತಮ್ಮ ಜಿಗಣಿಗೆ ಹೋಗಿದ್ದ. ನಾನು ಸುಳ್ಳು ಹೇಳಲಾರದೆ ಹೂಂ ಅಂದೆ.

“ಚೆಂದಾಗ್ ಮಾಡವ್ನೆ. ಕಣ್ ಬರ್ದಿಲ್ಲ ಅಷ್ಟೆಯ.” ಕನ್ನಡಕ ತೆಗೆದು ಕೇಳಿದ. “ಇದ್ನ ಯಾಕವ್ವಾ ಎಲ್ರೂವೆ ಬಿಸಾಕ್ತಾರೆ?”

“ಬಿಸಾಕೋದಲ್ಲಪ್ಪ. ಜಾಸ್ತಿ ಮಾಡಿಬಿಟ್ಟಿದ್ದಾರೆ. ಎಲ್ರಿಗೂ ಅದೇ ಬರುತ್ತೆ, ಅದಕ್ಕೆ...”

“ಅಂಗಾ” ಅಂದ. “ಜಾಸ್ತಿ ಇದ್ರೆ ಅಂಗೆಯಾ. ಗೇಟ್ನಲ್ಲೂ ಅಂಗೇ ಅಂದ್ರು. ಜನ ಜಾಸ್ತಿ ಅವ್ರೆ, ನೀವಿನ್ನು ಮನೇಗಿರಿ ಅಂತ.”

ಗೊಂಬೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮಾರನೆಯ ದಿನವೂ ಬಂದು ಕೂತ. ಕುರ್ಚಿಯನ್ನು ಮಾತ್ರ ರಸ್ತೆಯ ಕಡೆ ತಿರುಗಿಸಿಕೊಂಡಿದ್ದ, ಅಂಗಡಿಗೆ ಬೆನ್ನು ಮಾಡಿ. ಅಂದಿನಿಂದ ಹಾಗೆಯೇ ಕೂರುತ್ತಿದ್ದ. ಬೈಕು ನಿಂತರೆ ಏಳುವುದನ್ನೂ ಬಿಟ್ಟ. ತಮ್ಮನಿಗೆ ಹೇಳಬೇಡ ಅಂತ ಅಪ್ಪ ಅನ್ನಲಿಲ್ಲ, ಆದರೂ ನಾನು ಹೇಳಲಿಲ್ಲ. ಒಂದೇ ಮನೆಯಲ್ಲಿ ಒಂದೇ ವಿಷಯವನ್ನು ಮೂವರೂ ಬೇರೆಬೇರೆಯಾಗಿ ತಿಳಿದುಕೊಂಡು ಊಟಕ್ಕೆ ಕೂರುತ್ತಿದ್ದೆವು.

ಅಷ್ಟರಲ್ಲಿ ಕೊಳ್ಳುವವರು ಜಾಣರಾಗಿದ್ದರು. ರಾಣಿಯ ಕುದುರೆಯಿರುವ ಡಬ್ಬಿ ಕೂದಲಷ್ಟು ಭಾರ ಜಾಸ್ತಿ. ಮೊದಲು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಬ್ಬ ಅಡುಗೆಮನೆಯ ಪುಟ್ಟ ತಕ್ಕಡಿಯನ್ನೇ ಬ್ಯಾಗಿನಲ್ಲಿ ತಂದು, ಕಪಾಟಿನ ಡಬ್ಬಿಗಳನ್ನೆಲ್ಲ ಇಳಿಸಿ ತೂಗಿ, ಭಾರದ್ದನ್ನು ಮಾತ್ರ ಕೊಂಡು ಹೋದ. ಅವನೇ ಆ ರಾಣಿಯರನ್ನು ಇಂಟರ್ನೆಟ್ಟಿನಲ್ಲಿ ಬಿಡಿಬಿಡಿಯಾಗಿ ಮಾರುತ್ತಿದ್ದನೆಂದು ಆಮೇಲೆ ತಿಳಿಯಿತು. ರಾಣಿ ಅಲ್ಲಿ ಸಿಗುತ್ತಾಳೆಂದ ಮೇಲೆ ಮುಚ್ಚಿದ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ? ಗೊತ್ತಿಲ್ಲದೆ ಕೊಂಡವರಿಗೆ ಬರೀ ಮುದುಕರು ಬಂದು, ಮೋಸ ಅಂತ ಮಾಲ್‌ಗಳಲ್ಲಿ ಜಗಳ ತೆಗೆದರು. ಬಂದಷ್ಟೇ ಬೇಗ ಜನ ಹೋದರು.

ಒಂದು ದಿನ ಟೆಂಪೋದಲ್ಲಿ ಮಾಲು ವಾಪಸ್ ಬಂತು. ರಟ್ಟಿನ ಪೆಟ್ಟಿಗೆಗಳಿಂದ ಅಂಗಡಿ ತುಂಬಿ, ನಡುಮನೆ ತುಂಬಿ, ಉಳಿದವನ್ನು ಅಪ್ಪನ ಮಂಚದ ಸುತ್ತಲೂ ಒಟ್ಟಿದೆವು. ವಿತರಕರು ತಾವೇ ಬಂದು ನಿಂತು, “ನಾನೂ ಹಿಂಗಾಗ್ತದೆ ಅಂದ್ಕೊಂಡಿರ್ಲಿಲ್ಲ ತಮ್ಮಾ” ಅಂದರು. ಅವರ ಮುಖದಲ್ಲೂ ಕಳೆಯಿರಲಿಲ್ಲ.

ತಮ್ಮ ಸೋಲೊಪ್ಪಲಿಲ್ಲ. “ಎಲ್ಲಾ ಒಡೆದು ನೋಡೋಣ ಅಕ್ಕ. ಇಷ್ಟರಲ್ಲಿ ರಾಣೀರು, ಆನೆಗಳು ಇದ್ದೇ ಇರ್ತವೆ. ಮೊದಲಿನ ಥರ ಕಾಣೋ ಹಾಗೆ ಪ್ಯಾಕ್ ಮಾಡಿ, ಒಂದೊಂದು ಸೈನ್ಯ ಪೂರ್ತಿ ಮಾಡಿ ಮಾರೋಣ. ರಾಣಿ ಬೇಕಂದ್ರೆ ಕಾವಲುಗಾರನ್ನೂ ತಗೊಳ್ಲಿ” ಅಂದ. ಅವನ ಕಣ್ಣಲ್ಲಿ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಆಸೆ ಕಂಡಿತು. ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತು ಒಡೆಯತೊಡಗಿದೆವು. ಕಾವಲುಗಾರ, ಕಾವಲುಗಾರ, ಕಾವಲುಗಾರ, ಎಲ್ಲೋ ಒಬ್ಬ ನಗಾರಿಯವನು, ಮತ್ತೆ ಕಾವಲುಗಾರ. ಅರ್ಧ ರಾಶಿ ಒಡೆದ ಮೇಲೆ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಊರಿನ ಅಂಗಡಿಗಳಲ್ಲೆಲ್ಲ ಜನ ತೂಗಿ, ಅಲ್ಲಾಡಿಸಿ, ಭಾರದ್ದನ್ನೆಲ್ಲ ಆರಿಸಿಕೊಂಡು ಹೋಗಿದ್ದರು. ವಾಪಸ್ ಬಂದದ್ದು ಅಷ್ಟೂ ಕೈಗಳು ಬೇಡವೆಂದು ಕೆಳಗಿಟ್ಟ ಡಬ್ಬಿಗಳು. ಒಬ್ಬಳೇ ಒಬ್ಬಳು ರಾಣಿಯೂ ಸಿಗಲಿಲ್ಲ.

ತಮ್ಮ ಒಡೆಯುವುದನ್ನು ನಿಲ್ಲಿಸಿದ. ಮಂಡಿಯ ಸುತ್ತ ರಾಶಿ ಬಿದ್ದಿದ್ದ ಗೊಂಬೆಗಳ ನಡುವೆ ಕೂತೇ ಇದ್ದ. ಮಂಚದ ಮೇಲೆ ಮಲಗಿದ್ದ ಅಪ್ಪ ಎಚ್ಚರವಾಗೇ ಇದ್ದ, ನನಗೆ ಗೊತ್ತಿತ್ತು. ಅವನು ಗೋಡೆಯ ಕಡೆ ಮಗ್ಗುಲಾದ.

ಅದಾದ ಕೆಲವೇ ತಿಂಗಳಿಗೆ ಅಪ್ಪನ ಕಾಲುಗಳು ಊದಿಕೊಂಡವು. ಆಸ್ಪತ್ರೆಗೆ ಕರೆದೊಯ್ದಾಗ ಕಿಡ್ನಿ ಎರಡೂ ಹೋಗಿವೆ, ತಡವಾಯಿತು ಅಂದರು. ಡಯಾಲಿಸಿಸ್ಸಿಗೆ ಕೂರಿಸಿದರೆ ಚಳಿ ಚಳಿ ಅನ್ನುತ್ತಿದ್ದ. ಮಫ್ಲರನ್ನು ತಲೆಗೆ ಸುತ್ತಿ ಕೂರಿಸುತ್ತಿದ್ದೆವು. ತಮ್ಮ ದಿನವೂ ಬರುತ್ತಿದ್ದ, ಮಂಚದ ತುದಿಯಲ್ಲಿ ಕೂರುತ್ತಿದ್ದ. ಒಂದು ದಿನ ಅಪ್ಪನೇ ಅವನನ್ನು ಹತ್ತಿರ ಕರೆದ.

“ಆ ಗೊಂಬೆ ನಾನೇ ಅಲ್ವೇನ್ಲಾ?”

ತಮ್ಮ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ.

“ಚೆಂದಾಗ್ ಮಾಡಿದ್ದೆ ಕಣ್ಲಾ” ಅಂದ ಅಪ್ಪ. ಉಸಿರೆಳೆದುಕೊಂಡು ಮತ್ತೆ ಹೇಳಿದ. “ಬೆನ್ನು ಮಾತ್ರ ಅಷ್ಟೊಂದು ಬಗ್ಗಿರ್ಲಿಲ್ಲ ನಂದು.”

ಬೇಸರದಿಂದ ಅಂದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳುವಂತೆ ಹೇಳಿದ. ತಮ್ಮ ಎದ್ದು ಹೊರಗೆ ಹೋದ. ಬಹಳ ಹೊತ್ತಾದರೂ ಬರದಿದ್ದಾಗ ಹುಡುಕಿಕೊಂಡು ಹೋದೆ. ಆಸ್ಪತ್ರೆಯ ಮೆಟ್ಟಿಲುಗಳ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಹೆಗಲ ಮೇಲೆ ಕೈಯಿಟ್ಟರೆ ಕೊಡವಿದ.

“ಅವನಿಗೆ ಗೊತ್ತಿತ್ತು. ಅಷ್ಟು ದಿನ ಅಲ್ಲೇ ಕೂತು ಕೇಳಿಸ್ಕೊಂಡ” ಅಂದ. ಅದನ್ನೇ ಮತ್ತೆ ಮತ್ತೆ ಅಂದ.

ಅಪ್ಪ ಆ ವಾರ ಕಳೆಯಲಿಲ್ಲ. ಶವ ಮನೆಗೆ ಬಂದಾಗ ಮಲಗಿಸಲು ಜಾಗವಿರಲಿಲ್ಲ. ಮೇಲಿನ ಮನೆಯ ಹುಡುಗರು ಇಳಿದು ಬಂದು, ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಮಹಡಿಯ ಮೇಲೆ ಒಟ್ಟಿದರು. ಆಮೇಲೆ ಗೋಡೆ ಪಕ್ಕ ಕೈಕಟ್ಟಿ ನಿಂತರು. ಒಳ್ಳೆಯ ಹುಡುಗರು. ಅವರಿಗೆ ಏನೂ ಗೊತ್ತಿರಲಿಲ್ಲ.

ತಿಥಿ ಮುಗಿದ ಮೇಲೆ ತಮ್ಮ ಆ ಪೆಟ್ಟಿಗೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಜಿಗಣಿಗೆ ಹೋದ. ಹಾಳಾದ ಪ್ಲಾಸ್ಟಿಕ್ಕನ್ನು ಪುಡಿಮಾಡಿ ಕಾಳು ಮಾಡುವ ಒಂದು ಶೆಡ್ಡು ಅಲ್ಲಿದೆ. ನೀನು ಬರಬೇಡ ಅಂದ. ಸಂಜೆ ಬಂದವನ ತಲೆಗೂದಲಲ್ಲಿ, ರೆಪ್ಪೆಯಲ್ಲಿ, ಸಣ್ಣ ಬಣ್ಣದ ಪುಡಿ ಕೂತಿತ್ತು. ನೀರು ಕಾಯಿಸಿಕೊಟ್ಟೆ. ಸ್ನಾನ ಮಾಡಿದ, ಊಟ ಬೇಡವೆಂದು ಮಲಗಿದ.

ಅಂಗಡಿ ಕೋಣೆಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟೆವು. ಮೇಲಿನ ಹುಡುಗರಲ್ಲಿ ಒಬ್ಬೊಬ್ಬರೇ ಮದುವೆಯಾಗಿ, ಕೆಲಸ ಬದಲಿಸಿ, ಖಾಲಿ ಮಾಡಿದರು. ಹೊಸದಾಗಿ ಬಂದವರು ಫೋನಿನಲ್ಲೇ ಆಡುತ್ತಾರೆ. ಎಂದಾದರೊಮ್ಮೆ ನಾನು ಯೋಚಿಸುತ್ತೇನೆ, ಡಬ್ಬಿಯನ್ನು ಮುಚ್ಚದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ. ಹೆಚ್ಚೇನೂ ಆಗುತ್ತಿರಲಿಲ್ಲ. ಕಪಾಟಿನಲ್ಲಿ ಧೂಳು ಹಿಡಿಯುತ್ತಿದ್ದವು, ಇನ್ನೂ ಸ್ವಲ್ಪ ದಿನ ನಾನು ಒರೆಸುತ್ತಿದ್ದೆ. ಕಾಣುವ ಹಾಗಿಟ್ಟಾಗ ಕಣ್ಣಿಗೆ ಬೇಡವಾದದ್ದು ಮುಚ್ಚಿಟ್ಟಾಗ ಕೈಗೂ ಬೇಡವಾಯಿತು, ಅಷ್ಟೇ. ಆದರೆ ಮುಚ್ಚದಿದ್ದರೆ ಆ ‘ಥೂ’ ಅನ್ನುವುದನ್ನು ಅಪ್ಪ ಕೇಳಬೇಕಾಗಿರಲಿಲ್ಲ. ಅದೊಂದೇ ವ್ಯತ್ಯಾಸ, ಅದು ಸಣ್ಣದಲ್ಲ.

ತಮ್ಮ ಈಗ ಒಂದು ಮೋಲ್ಡಿಂಗ್ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ. ಕರೆಂಟ್ ಮೀಟರಿನ ಡಬ್ಬಿಗಳು ಮೆಷಿನ್ನಿನಿಂದ ಬೀಳುತ್ತವೆ, ಇವನು ಅಂಚು ಕೆರೆದು ಜೋಡಿಸುತ್ತಾನೆ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಮೊನ್ನೆ ಗಣೇಶನ ಹಬ್ಬಕ್ಕೆ ಪಕ್ಕದ ಮನೆಯವರು ಜೇಡಿಮಣ್ಣು ತಂದಿದ್ದರು. ಒಂದು ಪುಟ್ಟ ಮೂರ್ತಿ ಮಾಡಿಕೊಡಪ್ಪ ಅಂತ ಅವನ ಮುಂದೆ ಇಟ್ಟರು. ಮಣ್ಣನ್ನು ಕೈಗೆ ತೆಗೆದುಕೊಂಡ. ಸ್ವಲ್ಪ ನಾದಿದ. ನಾನು ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆ.

“ಆಗಲ್ಲ ಆಂಟಿ. ಅಂಗಡೀಲಿ ತಗೊಳ್ಳಿ, ಚೆನ್ನಾಗಿರೋದು ಸಿಗುತ್ತೆ” ಅಂದು ಮಣ್ಣನ್ನು ವಾಪಸ್ ಕೊಟ್ಟ. ಕೈ ತೊಳೆದುಕೊಂಡ. ಫ್ಯಾಕ್ಟರಿ ಬಸ್ಸಿನ ಹೊತ್ತಾಗಿತ್ತು. ಊಟದ ಡಬ್ಬಿ ಹಿಡಿದು ಹೊರಟ.